ರಟ್ಟು

ಗ್ದೀನಿಯಾ ಬಂದರಿನ ಹಿಂದೆ, ನಾಲ್ಕನೇ ಮಹಡಿಯ ಅಡುಗೆಮನೆ.
ಶನಿವಾರ. ಮೇಜಿನ ಮೇಲೆ ಉಪ್ಪುನೀರಿನ ಸೌತೆಕಾಯಿ ಬಾಟಲಿ,
ಗಾಜಿನ ಲೋಟಗಳಲ್ಲಿ ಕಪ್ಪು ಚಹಾ,
ಇಪ್ಪತ್ತು ಮುಖದ ದಾಳಗಳು ಏಳು, ಒಂದರ ಮೂಲೆ ಸವೆದಿದೆ.
ನನ್ನ ಮುಂದೆ ಮಡಿಕೆ ಮಡಿಕೆಯಾಗಿ ನಿಂತ ರಟ್ಟು.
ಅದರಾಚೆ ಅವರು ಮೂವರು. ಈಚೆ
ನಾನು, ಪೆನ್ಸಿಲು, ಮತ್ತು ಎಲ್ಲ ರಾಕ್ಷಸರ ಆಯುಸ್ಸು.

"ಬೊಗ್ನಾ, ಅಂಕಿ ತೋರಿಸು," ಅಂದ ವಿತ್.
ಹದಿನೇಳು ವರ್ಷ; ಹೊಸ ಮೀಸೆ, ಹಳೆಯ ಅಸಮಾಧಾನ.
"ನನ್ನ ಕಂಪ್ಯೂಟರಿನಲ್ಲಿ ಪ್ರತಿ ತಲೆಯ ಮೇಲೂ ಅಂಕಿ ತೇಲುತ್ತದೆ.
ಬಾಣ ಬಿಡುವ ಮೊದಲೇ ಹೇಳುತ್ತದೆ,
ತಗಲುವ ಸಾಧ್ಯತೆ ನೂರಕ್ಕೆ ಎಪ್ಪತ್ತೆರಡು.
ನೀನೋ, 'ಅದು ಏದುಸಿರು ಬಿಡುತ್ತಿದೆ' ಅಂತೀಯ.
ಏದುಸಿರು ಅಂದರೆ ಎಷ್ಟು?"
"ಎಪ್ಪತ್ತೆರಡಿದ್ದೂ ಗುರಿ ತಪ್ಪಿದರೆ?" ಚಿಕ್ಕಮ್ಮ ಕೇಳಿದಳು.
"ಯಂತ್ರ ಮೋಸ ಮಾಡಿತು ಅಂತ," ಅಂದ, ನಗದೆ.

ಚಿಕ್ಕಮ್ಮ ದೊಬ್ರಾವಾ ಬಂದರಿನ ವೇಬ್ರಿಡ್ಜಿನಲ್ಲಿ ಕೂರುವವಳು.
ಕೊನೆಗೆ ಅಕ್ಕನ ಮಗನ ಪಕ್ಷವನ್ನೇ ಹಿಡಿದಳು:
"ಮೊದಲು ತೂಕದ ಅಂಕಿ ನನ್ನ ಕಿಟಕಿಯೊಳಗೆ ಮಾತ್ರ ಕಾಣುತ್ತಿತ್ತು.
ದಿನಾ ಜಗಳ. ಲಾರಿಯವರು ನನ್ನನ್ನೂ ತೂಕಕ್ಕೆ ಹಾಕಿ ಬೈಯುತ್ತಿದ್ದರು.
ಆಮೇಲೆ ಹೊರಗೊಂದು ಕೆಂಪಂಕಿಯ ಫಲಕ ಬಂತು.
ಅದೇ ಲಾರಿ, ಅದೇ ಕಲ್ಲಿದ್ದಲು, ಅದೇ ತೂಕ.
ಈಗ ಬೈದರೆ ಫಲಕಕ್ಕೆ ಬೈತಾರೆ."

ಜೆನೊನ್ ಕ್ರೇನಿನವನು. ನೆಲದಿಂದ ನಲವತ್ತು ಮೀಟರ್ ಮೇಲೆ ಅವನ ಹೊಟ್ಟೆಪಾಡು.
ಮಾತಿಗೆ ಮೊದಲು ಬಾಯಲ್ಲಿದ್ದ ಸೌತೆಕಾಯಿ ಮುಗಿಯಬೇಕು.
"ನನ್ನೆದುರು ಮಾಪಕ ಇದೆ. ಗಾಳಿ ಎಷ್ಟು, ಭಾರ ಎಷ್ಟು.
ನೋಡದೆ ಕೈ ಹಾಕುವುದಿಲ್ಲ.
ಆದರೆ ಕೆಳಗೆ ನಿಂತವನಿಗೆ ಆ ಅಂಕಿ ಕೂಗಿ ಹೇಳಲಾರೆ.
ಹೇಳಿದರೆ ಅವನು
ತಲೆಯೆತ್ತಿ ನೋಡುವುದನ್ನೇ ಬಿಡುತ್ತಾನೆ."

ನಾನು ಸುಮ್ಮನಿದ್ದೆ.
ಸುಮ್ಮನಿರಲು ಕಾರಣವಿತ್ತು.

ಎರಡು ನವೆಂಬರ್ ಹಿಂದೆ, ಸೇತುವೆಯ ಕೆಳಗಿನ ದೈತ್ಯ.
ಹನ್ನೆರಡು ಗಂಟೆಯ ಪಾಳಿ ಮುಗಿಸಿ ಬಂದ ಜೆನೊನ್
ಜಾಕೆಟ್ ಕೂಡ ಬಿಚ್ಚದೆ ಕೊಡಲಿ ಬೀಸಿದ.
ಪೆಟ್ಟು ನಾಲ್ಕು.
ದೈತ್ಯನಲ್ಲಿ ಇದ್ದದ್ದು ಹನ್ನೊಂದು.
"ಬಿದ್ದ," ಅಂದೆ ನಾನು.
ಅವನ ಕೂಗಿಗೆ ಪಕ್ಕದ ಮನೆಯವರು ಗೋಡೆ ಗುದ್ದಿದರು.
ಇಂದಿಗೂ ಬಂದರಿನ ಗೆಳೆಯರಿಗೆ ಆ ಕತೆ ಹೇಳುತ್ತಾನಂತೆ,
ಹೇಳಿದಾಗಲೆಲ್ಲ ದೈತ್ಯ ಒಂದು ಮೊಳ ಬೆಳೆಯುತ್ತಾನಂತೆ.

ಚಿಕ್ಕ ತಂಗಿ ಅಳುತ್ತಾಳೆಂದು ಸೇರಿಸಿಕೊಂಡು,
ಅವಳಿಗೆ ಕೇಳಿಸದ ಹಾಗೆ
ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುತ್ತೇವಲ್ಲ,
ನಲವತ್ತಾರರ ಗಂಡಸಿಗೆ ನಾನು ಮಾಡಿದ್ದು ಅದನ್ನೇ.

ವಿತ್ ಕೈ ಚಾಚಿ ರಟ್ಟನ್ನು ಮಲಗಿಸಿದ.
ಎಂಥ ಮಾತು ನೋಡಿ: ಗುಟ್ಟನ್ನು ಮರೆಮಾಡಿದ್ದೂ ರಟ್ಟು,
ಗುಟ್ಟು ಬಯಲಾದರೆ ಅದೂ ರಟ್ಟು.
ಒಳಮೈ ತುಂಬ ನನ್ನ ಪೆನ್ಸಿಲ್ ಗೀಚು. ಅಳಿಸಿರಲಿಲ್ಲ, ಸೋಮಾರಿ ನಾನು.
ಜೆನೊನ್ ಕನ್ನಡಕ ಹಾಕಿಕೊಂಡ.
ನವೆಂಬರ್. ದೈತ್ಯ. ಹನ್ನೊಂದು, ನಾಲ್ಕು. ಪಕ್ಕದಲ್ಲಿ
"ಏಳು, ಬಿಟ್ಟೆ."
ಆ ಎರಡು ಪದವನ್ನು ಚಹಾ ಆರುವಷ್ಟು ಹೊತ್ತು ಓದಿದ.
"ಹಾಗಾದರೆ ಯಾವುದು ನನ್ನದು?" ಅಂದ.
ದನಿಯಲ್ಲಿ ಕೋಪವಿದ್ದಿದ್ದರೆ ಏನಾದರೂ ಹೇಳುತ್ತಿದ್ದೆ.

ಆಮೇಲೂ ಆಡಿದೆವು. ದಾಳಗಳೆಲ್ಲ ನಡುವೆ, ದೀಪದ ಕೆಳಗೆ.
ನೆಲಮಾಳಿಗೆಯ ಒಂದು ಇಲಿ, ಹೆಸರೂ ಇಲ್ಲದ್ದು,
ಇಪ್ಪತ್ತು ಹಾಕಿ ಜೆನೊನನ ಕೊಡಲಿವೀರನನ್ನು ಕೊಂದಿತು.
ವೀರನ ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟ.
"ಇದು ನನ್ನದು," ಅಂದ, ಮತ್ತೆ ಸೌತೆಕಾಯಿಗೆ ಕೈಹಾಕುತ್ತ.
ಇಲಿ! ಅಂತ ನಗತೊಡಗಿದ ದೊಬ್ರಾವಾಳನ್ನು ಹಿಡಿಯಲಾಗಲಿಲ್ಲ.

ಉಳಿದವನು ವಿತ್. ಅವನ ಪ್ರಾಣ ಒಂದು, ಇಲಿಯದು ಮೂರು.
ಹದಿನಾಲ್ಕು ಅಥವಾ ಮೇಲೆ ಬೀಳಬೇಕು; ನೂರಕ್ಕೆ ಮೂವತ್ತೈದು.
ಲೆಕ್ಕ ಹಾಕಿ ಗಟ್ಟಿಯಾಗಿ ಹೇಳಿದವನು ಅವನೇ.
ಮೂಲೆ ಸವೆದ ದಾಳ ಉರುಳಿತು, ಬಾಟಲಿಗೆ ತಾಗಿತು,
ನಿಲ್ಲುವ ಮೊದಲೇ
ಮೇಲೆ ಅಂಗೈ ಮುಚ್ಚಿದ ಹುಡುಗ.

ಹೀಟರಿನ ಕೊಳವೆ ಟಕ್ ಅಂದಿತು.
"ಕೈ ತೆಗೆ," ಅಂದೆ, ಮೂರು ವರ್ಷ ಮರೆಯಲ್ಲಿ ಕೂತಿದ್ದ ನಾನು.
"ತಡಿ," ಅಂದ ವಿತ್. "ಸ್ವಲ್ಪ ತಡಿ."